ಚೀಟಿಯಲ್ಲಿ ಗಂಟೆ ಬರೆಯಿರಿ

ಸ್ವಿಸ್ ವೈದ್ಯೆ ಡಾ. ಇವಾ ಲೊಂಬಾರ್ಡ್ ಉಡುಪಿಯಲ್ಲಿ ಮಿಷನ್ ಆಸ್ಪತ್ರೆ ತೆರೆದದ್ದು 1923ರಲ್ಲಿ. ಅಲ್ಲಿಗೆ ಮುಟ್ಟುವುದೇ ಆಗ ದೊಡ್ಡ ಚಿಕಿತ್ಸೆ. ಹೆರಿಗೆ ಕಷ್ಟವಾದವಳನ್ನು ಕುರ್ಚಿಯಲ್ಲಿ ಕೂರಿಸಿ, ಗದ್ದೆಯ ಹುಣಿ ದಾಟಿಸಿ, ಮಾರ್ಗದ ಬದಿಯಲ್ಲಿ ಗಾಡಿಗೆ ಕಾಯುತ್ತಿದ್ದರಂತೆ. ನಮ್ಮ ಕಾಪುವಿನ ಹಿರಿಯರು ಹೇಳುತ್ತಿದ್ದ ಮಾತಿದು.

1953ರಲ್ಲಿ ಡಾ. ಟಿ.ಎಂ.ಎ. ಪೈಗಳು ಮಣಿಪಾಲದ ಬೋಳುಗುಡ್ಡೆಯಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದರು. ಮೊದಮೊದಲು ವಿದ್ಯಾರ್ಥಿಗಳು ರೋಗಿಗಳನ್ನು ನೋಡಿ ಕಲಿಯಲು ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಗೆ ಹೋಗಬೇಕಿತ್ತು. 1961ರಲ್ಲಿ ಮಣಿಪಾಲದಲ್ಲೇ ಆಸ್ಪತ್ರೆಯಾಯಿತು. ಆಮೇಲೆ ಊರಲ್ಲಿ ಯಾರನ್ನಾದರೂ ‘ಮಣಿಪಾಲಕ್ಕೆ ಕೊಂಡೋಗಿದ್ದಾರಂತೆ’ ಎಂದರೆ ಸಾಕು, ಜೋರಿದೆ ಎಂದು ಎಲ್ಲರಿಗೂ ತಿಳಿಯುತ್ತಿತ್ತು.

ನಾನು ಎಮರ್ಜೆನ್ಸಿ ವಾರ್ಡಿನಲ್ಲಿ ಬಾಯಮ್ಮನಾಗಿ, ಅಂದರೆ ನರ್ಸ್ ಆಗಿ, ಸೇರಿದಾಗ ಮಾರ್ಗಗಳು ಸುಧಾರಿಸಿದ್ದವು. ಪೊಲೀಸ್ ಕೇಸಿನ ಹೆದರಿಕೆ ಮಾತ್ರ ಹೋಗಿರಲಿಲ್ಲ. ಗಾಯಾಳುವನ್ನು ತಂದವರು ಗೇಟಿನಲ್ಲೇ ಇಳಿಸಿ ಮಾಯವಾಗುತ್ತಿದ್ದರು. ಪೊಲೀಸ್ ಕಾಗದಕ್ಕೆ ಕಾಯದೆ ಮೊದಲು ಜೀವ ಉಳಿಸಬೇಕೆಂದು ಸುಪ್ರೀಂ ಕೋರ್ಟ್ ಪರಮಾನಂದ ಕಟಾರಾ ಮೊಕದ್ದಮೆಯಲ್ಲಿ ಹೇಳಿದ್ದು 1989ರಲ್ಲಿ. ನೆರವಾದವರನ್ನು ಪೀಡಿಸದಂತೆ ಕರ್ನಾಟಕ ಕಾಯ್ದೆ ಮಾಡುವಾಗ 2016 ಬಂದಿತ್ತು. ನಡುವೆ, 2008ರ ನವೆಂಬರಿನಲ್ಲಿ, 108 ಆಂಬುಲೆನ್ಸ್ ಬಂತು. ಅಲ್ಲಿಯವರೆಗೆ ಜೀಪಿನಲ್ಲೋ ಬಾಡಿಗೆ ಕಾರಿನಲ್ಲೋ ಮನೆಯವರ ತೊಡೆ ಮೇಲೆ ಮಲಗಿ ಬರುತ್ತಿದ್ದ ರೋಗಿಯ ಪಕ್ಕದಲ್ಲಿ ತರಬೇತಾದವರೊಬ್ಬರು ಕೂತರು.

ಇಷ್ಟಾದರೂ ಒಂದು ಅಪಾಯ ಹಾಗೆಯೇ ಉಳಿದಿದೆ. ಮಳೆಗಾಲದಲ್ಲಿ ಕಾರ್ಕಳದ ತೋಟದಲ್ಲಿ ಕೊಳಕುಮಂಡಲ ಕಚ್ಚಿತು ಎನ್ನಿ. ಒಣಗಿದ, ಹೊಸ ಗಾಜಿನ ಟ್ಯೂಬಿನಲ್ಲಿ 2 ಮಿಲಿಲೀಟರ್ ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೆ ಇಡುತ್ತೇವೆ. ಆಮೇಲೆ ಓರೆ ಮಾಡಿದಾಗ ರಕ್ತ ನೀರಿನಂತೆ ಹರಿದರೆ ವಿಷ ಏರಿದೆ ಎಂದರ್ಥ. ಸೋಪಿನಲ್ಲಿ ತೊಳೆದ ಟ್ಯೂಬಾದರೆ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಮೋಸ ಮಾಡುತ್ತದೆ. ಹಾವಿನ ಇಂಜೆಕ್ಷನ್ (ಎಎಸ್‌ವಿ) ಕೊಟ್ಟು 6 ಗಂಟೆಯ ನಂತರ ಮತ್ತೆ ಇದೇ ಪರೀಕ್ಷೆ. ಆ 6 ಗಂಟೆಯನ್ನು ಎಲ್ಲಿಂದ ಎಣಿಸುವುದು? ಇಂಜೆಕ್ಷನ್ ಕೊಟ್ಟು ನಮ್ಮಲ್ಲಿಗೆ ಕಳುಹಿಸಿದ ಮೊದಲ ಆಸ್ಪತ್ರೆಯ ಚೀಟಿಯಿಂದ. ಎಷ್ಟೋ ಚೀಟಿಗಳಲ್ಲಿ ‘ಎಎಸ್‌ವಿ ಕೊಟ್ಟಿದೆ’ ಎಂದಷ್ಟೇ ಇರುತ್ತಿತ್ತು. ಎಷ್ಟು ವಯಲ್, ಎಷ್ಟು ಹೊತ್ತಿಗೆ, ಅಲರ್ಜಿ ಆಯಿತೇ, ಯಾವುದೂ ಇಲ್ಲ. ಮನೆಯವರನ್ನು ಕೇಳಿದರೆ, ‘ಏನೋ ಬಾಟ್ಲಿ ಹಾಕಿದ್ರು ಸಿಸ್ಟರ್.’

ನಮ್ಮ ಜಿಲ್ಲೆಯ ತುರ್ತು ಚಿಕಿತ್ಸೆಯ ಇತಿಹಾಸ ಬರೆಯುವವರು ಕಟ್ಟಡ, ವಾಹನ, ಕಾನೂನುಗಳನ್ನು ಲೆಕ್ಕ ಹಿಡಿಯುತ್ತಾರೆ, ಹಿಡಿಯಲೇಬೇಕು. ಆದರೆ ಒಂದು ಕೈಯಿಂದ ಇನ್ನೊಂದು ಕೈಗೆ ರೋಗಿಯನ್ನು ಒಪ್ಪಿಸುವ ಆ ಎರಡು ನಿಮಿಷಕ್ಕೆ ಶಿಲಾನ್ಯಾಸವಿಲ್ಲ, ಉದ್ಘಾಟನೆಯಿಲ್ಲ, ಹಾಗಾಗಿ ಅದನ್ನು ಯಾರೂ ಕೇಳುವುದಿಲ್ಲ. ಹೊಸಬರಿಗೆ ನಾನು ಹೇಳುತ್ತಿದ್ದದ್ದು ಇಷ್ಟೆ: ಔಷಧದ ಹೆಸರಿನ ಪಕ್ಕ ಪ್ರಮಾಣ, ಪ್ರಮಾಣದ ಪಕ್ಕ ಗಂಟೆ, ಕೆಳಗೆ ಓದಲು ಬರುವ ಸಹಿ. ಇದಕ್ಕೆ ಸರ್ಕಾರದ ಅನುದಾನ ಬೇಡ, ಒಂದು ಪೆನ್ನು ಸಾಕು.