ದ್ರಾಕ್ಷಿತೋಟಗಳ ನಡುವಿನ ಹಾದಿ

ಫ್ರೆಂಚ್ ಕತೆಗಾರ ಆಲ್ಫೋನ್ಸ್ ದೋದೆಯ ‘ಕೊನೆಯ ಪಾಠ’ವನ್ನು ಇಂಗ್ಲಿಷ್ ಪಠ್ಯಪುಸ್ತಕದಲ್ಲಿ ಓದಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಯುದ್ಧದಲ್ಲಿ ಸೋತ ನಾಡಿನ ಒಂದು ಹಳ್ಳಿಯಲ್ಲಿ ಮುದಿ ಮೇಷ್ಟ್ರು ಕಡೆಯ ಬಾರಿ ಫ್ರೆಂಚ್ ಪಾಠ ಹೇಳುವ ಕತೆ ಅದು. ಆ ನಾಡು ಅಲ್ಸಾಸ್. ಹೋದ ವರ್ಷದ ಸೆಪ್ಟೆಂಬರಿನಲ್ಲಿ ಅದರ ಒಂದು ಭಾಗವನ್ನು ಬೈಸಿಕಲ್ಲಿನ ಮೇಲೆ ಸುತ್ತುವ ಅವಕಾಶ ನನಗೆ ಒದಗಿತು.

ಪಡುವಲಲ್ಲಿ ವೋಜ್ ಬೆಟ್ಟಸಾಲು, ಮೂಡಲಲ್ಲಿ ರೈನ್ ನದಿ. ನಡುವಿನ ಕಿರಿದಾದ ಸೀಮೆಯೇ ಅಲ್ಸಾಸ್. ಪಡುವಣ ಮೋಡಗಳು ಬೆಟ್ಟದ ಆಚೆಗೇ ಬಹುಪಾಲು ಮಳೆ ಸುರಿಸಿಬಿಡುತ್ತವೆ. ನಮ್ಮ ಘಟ್ಟದ ಮೂಡಲಿಗಿರುವ ಬಯಲುಸೀಮೆಯಂತೆ ಇಲ್ಲಿಯ ಅಡಿಬೆಟ್ಟಗಳೂ ಮಳೆನೆರಳಿನಲ್ಲಿವೆ. ದ್ರಾಕ್ಷಿಗೆ ಒಗ್ಗುವುದು ಇಂಥ ಒಣಹವೆ, ಇಂಥ ಬಿಸಿಲು. ರೋಮನರ ಕಾಲದಿಂದ ಇಲ್ಲಿ ದ್ರಾಕ್ಷಿಯ ಬೇಸಾಯ ನಡೆದಿದೆ. ಉತ್ತರದ ಮಾರ್ಲೆನ್‌ಹೈಮಿನಿಂದ ದಕ್ಷಿಣದ ತಾನ್ ಊರಿನವರೆಗೆ ಸುಮಾರು 170 ಕಿಲೋಮೀಟರ್ ಉದ್ದಕ್ಕೆ ಈ ಊರುಗಳನ್ನು ಪೋಣಿಸುವ ರಸ್ತೆಗೆ ‘ವೈನಿನ ಹಾದಿ’ ಎಂದು ಹೆಸರು. ಅದರ ಪಕ್ಕದಲ್ಲೇ ತೋಟಗಳ ಒಳಗೆ ನುಸುಳಿಹೋಗುವ ಸಣ್ಣ ದಾರಿಗಳು ಸೈಕಲ್ ಸವಾರರ ಸೌಭಾಗ್ಯ.

ಕೋಲ್ಮಾರ್ ಪಟ್ಟಣದಲ್ಲಿ ಬಾಡಿಗೆಯ ಸೈಕಲ್ಲು ಹಿಡಿದು ಹೊರಟವನು ಮೊದಲು ಮುಟ್ಟಿದ್ದು ಕೈಸರ್ಸ್‌ಬರ್ಗ್. ಆಲ್ಬರ್ಟ್ ಶ್ವೈಟ್ಸರ್ 1875ರ ಜನವರಿಯಲ್ಲಿ ಹುಟ್ಟಿದ ಊರು ಇದು. ಭಾರತೀಯ ಚಿಂತನೆಯನ್ನು ಕುರಿತು ಪುಸ್ತಕ ಬರೆದವನೆಂದು ಅವನ ಹೆಸರು ನಮಗೆ ಹೊಸದಲ್ಲ. ಅವನ ಜನನಕ್ಕೆ ನಾಲ್ಕು ವರ್ಷ ಮೊದಲು, 1871ರ ಒಪ್ಪಂದದಲ್ಲಿ, ಅಲ್ಸಾಸ್ ಜರ್ಮನಿಯ ಪಾಲಾಗಿತ್ತು. ಆದ್ದರಿಂದ ಶ್ವೈಟ್ಸರ್ ಜರ್ಮನ್ ಪ್ರಜೆ. ಆಫ್ರಿಕದ ಫ್ರೆಂಚ್ ವಸಾಹತಿನಲ್ಲಿ ರೋಗಿಗಳ ಸೇವೆ ಮಾಡುತ್ತಿದ್ದವನನ್ನು 1917ರಲ್ಲಿ ಶತ್ರುದೇಶದವನೆಂದು ಫ್ರಾನ್ಸಿಗೆ ತಂದು ಸೆರೆಯಲ್ಲಿಟ್ಟರು. ಯುದ್ಧ ಮುಗಿದ ಮೇಲೆ ಅವನು ಫ್ರೆಂಚ್ ಪ್ರಜೆಯಾದನು. ತಪ್ಪು ಅವನದಲ್ಲ, ಗಡಿಯದು.

1870ರಲ್ಲಿ ಈ ಸೀಮೆಯಲ್ಲಿ ಹುಟ್ಟಿ ಎಪ್ಪತ್ತೈದು ವರ್ಷ ಬಾಳಿದ ರೈತನೊಬ್ಬನನ್ನು ನೆನೆಯಿರಿ. 1871ರಲ್ಲಿ ಜರ್ಮನ್, 1918ರಲ್ಲಿ ಫ್ರೆಂಚ್, 1940ರಲ್ಲಿ ಮತ್ತೆ ಜರ್ಮನ್, 1945ರ ಹೊತ್ತಿಗೆ ಮತ್ತೆ ಫ್ರೆಂಚ್. ತನ್ನ ತೋಟದ ಬದುವನ್ನು ದಾಟದೆಯೇ ಅವನು ನಾಲ್ಕು ಸಲ ದೇಶ ಬದಲಾಯಿಸಿದನು! ನಾಜಿಗಳು ಫ್ರೆಂಚ್ ಭಾಷೆಯನ್ನಲ್ಲದೆ ತಲೆಯ ಮೇಲಿನ ಫ್ರೆಂಚ್ ಟೋಪಿಯನ್ನೂ ನಿಷೇಧಿಸಿದರು. 1942ರಿಂದ ಅಲ್ಸಾಸ್ ಮತ್ತು ನೆರೆಯ ಮೋಸೆಲ್ ಸೀಮೆಗಳ ಸುಮಾರು 1,30,000 ಮಂದಿಯನ್ನು ಬಲವಂತವಾಗಿ ಜರ್ಮನ್ ಸೈನ್ಯಕ್ಕೆ ಸೇರಿಸಿದರು. ಹತ್ತಾರು ಸಾವಿರ ಜನ ಹಿಂದಿರುಗಲಿಲ್ಲ.

ಕೈಸರ್ಸ್‌ಬರ್ಗಿನಿಂದ ಇಳಿಜಾರು, ಪೆಡಲು ತುಳಿಯುವ ಶ್ರಮವೇ ಇಲ್ಲ. ಸಿಗೋಲ್ಸ್‌ಹೈಮ್, ಬೆನ್‌ವೀರ್, ಮಿಟ್ಟೆಲ್‌ವೀರ್ ಒಂದರ ಬೆನ್ನಿಗೊಂದು ಬಂದುವು. ನೇರವಾದ ಬೀದಿಗಳು, ಸಾದಾ ಗೋಡೆಗಳು, ಹೊಸ ಮಾದರಿಯ ಚರ್ಚುಗಳು. ಚಿತ್ರಪಟದಲ್ಲಿ ಕಂಡ ಅಲ್ಸಾಸ್ ಇದಲ್ಲ ಎನ್ನಿಸಿತು. ನೋಡಲು ಏನೂ ಇಲ್ಲವೆಂದು ಮುಂದೆ ಸಾಗಿದೆ. ನಾಲ್ಕಾರು ಕಿಲೋಮೀಟರ್ ಕಳೆದು ರಿಕ್‌ವೀರ್ ಸೇರಿದಾಗ ಕಣ್ಣು ತಣಿಯಿತು. ಮರದ ಚೌಕಟ್ಟಿನ ಬಣ್ಣಬಣ್ಣದ ಮನೆಗಳು, ಕಲ್ಲು ಹಾಸಿದ ಓಣಿ, 1291ರಲ್ಲಿ ಎತ್ತಿದ ಕಾವಲುಗೋಪುರ, ಕಿಟಕಿಗಳ ತುಂಬ ಹೂ. ಪ್ರವಾಸಿಗರ ಜಾತ್ರೆಯೇ ನೆರೆದಿತ್ತು.

ಇಷ್ಟು ಹತ್ತಿರದ ಊರುಗಳ ನಡುವೆ ಇಷ್ಟು ಅಂತರವೇಕೆ? ಉತ್ತರ 1944ರ ಡಿಸೆಂಬರಿನಲ್ಲಿದೆ. ಸ್ಟ್ರಾಸ್‌ಬರ್ಗ್ ಬಿಡುಗಡೆಯಾದ ಮೇಲೂ ಕೋಲ್ಮಾರಿನ ಸುತ್ತ ಜರ್ಮನ್ ಸೈನ್ಯ ಬೇರೂರಿ ನಿಂತಿತು. 1945ರ ಫೆಬ್ರವರಿಯವರೆಗೆ ಕದಲಲಿಲ್ಲ. ಆ ಚಳಿಯಲ್ಲಿ ಫಿರಂಗಿಗಳ ನಡುವೆ ಸಿಕ್ಕಿ ಬೆನ್‌ವೀರ್ ಹೆಚ್ಚುಕಡಿಮೆ ಪೂರ್ತಿ ನೆಲಸಮವಾಯಿತು. ಸಿಗೋಲ್ಸ್‌ಹೈಮ್, ಮಿಟ್ಟೆಲ್‌ವೀರ್ ಅದರ ದಾರಿಯನ್ನೇ ಹಿಡಿದುವು. ರಿಕ್‌ವೀರ್ ಉಳಿದುಕೊಂಡಿತು. ಅದೃಷ್ಟದ ಮಾತಲ್ಲದೆ ಇದರಲ್ಲಿ ಪುಣ್ಯಪಾಪದ ಲೆಕ್ಕವಿಲ್ಲ.

ಇದು ತಿಳಿದ ಮೇಲೆ ಬಂದ ದಾರಿಯಲ್ಲೇ ಹಿಂದಿರುಗಿದೆ. ಮಿಟ್ಟೆಲ್‌ವೀರಿನಲ್ಲಿ ಒಂದು ಗೋಡೆಯಿದೆ. ಫ್ರೆಂಚ್ ಬಾವುಟ ಹಾರಿಸಲಾಗದ ಆ ದಿನಗಳಲ್ಲಿ ಊರಿನವರು ಅಲ್ಲಿ ನೀಲಿ, ಬಿಳಿ, ಕೆಂಪು ಹೂಗಳನ್ನು ಬೆಳೆಸಿದರಂತೆ. ಸಿಗೋಲ್ಸ್‌ಹೈಮಿನ ಗುಡ್ಡದ ಮೇಲೆ, ದ್ರಾಕ್ಷಿಯ ಸಾಲುಗಳ ತುದಿಗೆ, ಒಂದೂವರೆ ಸಾವಿರಕ್ಕೂ ಹೆಚ್ಚು ಸೈನಿಕರ ಸಮಾಧಿಗಳು. ಮೊರಾಕೊ, ಆಲ್ಜೀರಿಯಗಳಿಂದ ಬಂದ ಮುಸಲ್ಮಾನರ ಗೋರಿಗಳೂ ಅಲ್ಲಿವೆ. ತಮ್ಮದಲ್ಲದ ಗಡಿಗಾಗಿ ಸತ್ತವರು ಅವರು.

ಮನೆ ಹೋದವರಿಗೆ ನೆಲಮಾಳಿಗೆಯ ಪೀಪಾಯಿಗಳೂ ಹೋಗಿದ್ದುವು. ಒಬ್ಬೊಬ್ಬರೇ ಮೇಲೇಳುವುದು ಆಗದ ಮಾತು. ಯುದ್ಧದ ಬೆನ್ನಲ್ಲೇ ಬೆನ್‌ವೀರಿನಂಥ ಊರುಗಳ ಬೆಳೆಗಾರರು ಸಹಕಾರ ಸಂಘ ಕಟ್ಟಿ, ಒಂದೇ ಕಡೆ ದ್ರಾಕ್ಷಿ ಹಿಂಡತೊಡಗಿದರು. ‘ವೈನಿನ ಹಾದಿ’ ಉದ್ಘಾಟನೆಯಾದದ್ದು 1953ರಲ್ಲಿ, ಗಾಯ ಇನ್ನೂ ಹಸಿಯಾಗಿದ್ದಾಗ. ವಿಹಾರಕ್ಕೆಂದು ನಾನು ತುಳಿದ ಹಾದಿ ಅವರಿಗೆ ಬದುಕುವ ಹಾದಿಯಾಗಿತ್ತು.

ಎಲ್ಲವೂ ಮರಳಿ ಬರಲಿಲ್ಲ. ದೋದೆಯ ಕತೆ ಹೇಳದ ಒಂದು ಸಂಗತಿಯಿದೆ: ಅಲ್ಸಾಸಿನ ಹಳ್ಳಿಗಳ ಬಹುಪಾಲು ಮಕ್ಕಳ ಮನೆಮಾತು ಫ್ರೆಂಚ್ ಅಲ್ಲ, ಜರ್ಮನ್ನಿಗೆ ಹತ್ತಿರದ ಅಲ್ಸೇಷಿಯನ್. ನಾಜಿಗಳು ಫ್ರೆಂಚನ್ನು ಹೊರದೂಡಿದರು. 1945ರ ಬಳಿಕ ಶಾಲೆಗಳಲ್ಲಿ ಅಲ್ಸೇಷಿಯನ್ನಿಗೆ ಎಡೆಯಿಲ್ಲದಾಯಿತು. ಊರುಗಳ ಹೆಸರಿನಲ್ಲಿ ಆ ನುಡಿ ಉಳಿದಿದೆ. ಎಳೆಯರ ಬಾಯಲ್ಲಿ ಅಪರೂಪ. ಅದರ ಕೊನೆಯ ಪಾಠಕ್ಕೆ ಕತೆಗಾರ ಸಿಕ್ಕಲಿಲ್ಲ.

ಸಂಜೆ ಬೆನ್‌ವೀರಿನಲ್ಲಿ ಸೈಕಲ್ಲಿನಿಂದ ಇಳಿದು ನಿಂತೆ. ದಿನದ ಸುಗ್ಗಿಯನ್ನು ಹೇರಿಕೊಂಡು ಟ್ರ್ಯಾಕ್ಟರುಗಳು ಸಂಘದ ಅಂಗಳದತ್ತ ಸಾಗುತ್ತಿದ್ದುವು. ಬೆಳಗ್ಗೆ ನೋಡಲು ಏನೂ ಇಲ್ಲವೆಂದು ಬಿಟ್ಟುಹೋದ ಊರು ಅದು.