ಕಿತ್ತೂರಿನ ಆ ಆರು ವಾರಗಳು

ಬೆಳಗಾವಿಯಿಂದ ಪುಣೆಯ ದಾರಿ ಹಿಡಿದರೆ ತುಸು ದೂರದಲ್ಲೇ ಕಾಕತಿ ಬರುತ್ತದೆ. ಅದು ಕಿತ್ತೂರ ಚೆನ್ನಮ್ಮನ ತವರೂರು. ಲಾವಣಿಕಾರರು ಈ ರಾಣಿಯನ್ನು ಕುದುರೆಯ ಮೇಲೆ, ಹಿರಿದ ಕತ್ತಿಯೊಡನೆ ಕಂಡರು. ನಾವೂ ಹಾಗೆಯೇ ಕಾಣುತ್ತ ಬಂದಿದ್ದೇವೆ. ನನಗೆ ಮಾತ್ರ ಆಕೆಯ ಹಿರಿಮೆ, ಕತ್ತಿ ಹಿರಿಯುವ ಮುಂಚಿನ ಆರು ವಾರಗಳಲ್ಲಿಯೇ ಹೆಚ್ಚೆಂದು ತೋರುತ್ತದೆ.

ಪೇಶ್ವೆಯ ಸೆರೆಯಲ್ಲಿ ನವೆದು ಬಂದ ಪತಿ ಮಲ್ಲಸರ್ಜ 1816ರಲ್ಲಿ ತೀರಿಕೊಂಡ. ಹೊಟ್ಟೆಯ ಮಗನೂ ಉಳಿಯಲಿಲ್ಲ. ಗಾದಿಗೆ ಆಸರೆಯಾಗಿದ್ದವನು ಹಿರಿಯ ರಾಣಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜನೊಬ್ಬನೇ. ರೋಗಿಷ್ಠನಾದ ಅವನೂ 1824ರ ಸಪ್ಟೆಂಬರದಲ್ಲಿ, ಮಕ್ಕಳಿಲ್ಲದೆ, ಕಣ್ಣು ಮುಚ್ಚಿದ. ಸಾಯುವ ಮುನ್ನ ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತಕ ತೆಗೆದುಕೊಂಡ ಪತ್ರ ಧಾರವಾಡಕ್ಕೆ ಹೋಯಿತು. ಕಲೆಕ್ಟರ ಥ್ಯಾಕರೆಗೆ ಅದರ ಸಹಿಯ ಮೇಲೆಯೇ ಸಂಶಯ. ದತ್ತಕ ಅಸಿಂಧುವೆಂದ, ಭಂಡಾರಕ್ಕೆ ಮುದ್ರೆ ಹಾಕಿಸಿ ಕಾವಲು ಕೂಡಿಸಿದ. (ದತ್ತಕದ ಮಾತು ಬಂದೊಡನೆ ಡಾಲ್‌ಹೌಸಿಯ ಹೆಸರು ಹೇಳುವ ವಿದ್ಯಾರ್ಥಿಗಳುಂಟು. ಅವನು ಗವರ್ನರ್ ಜನರಲ್ ಆಗಿ ಬಂದುದು 1848ರಲ್ಲಿ!)

ಸೂತಕದ ಮನೆಯ ತಿಜೋರಿಗೆ ಪರಕೀಯರ ಮುದ್ರೆ: ಗಾಯದ ಮೇಲೆ ಬರೆ ಎಂದರೆ ಇದೇ. ಆಗ ರಾಣಿ ಮಾಡಿದ್ದೇನು? ಕಾಗದ ಬರೆಸಿದಳು. ದಖ್ಖನದ ಕಮಿಶನರ ಚಾಪ್ಲಿನ್ನನಿಗೆ, ಮುಂಬಯಿಯ ಗವರ್ನರ ಎಲ್ಫಿನ್‌ಸ್ಟನ್ನನಿಗೆ ತನ್ನ ನ್ಯಾಯವನ್ನು ಬಿಡಿಸಿ ಹೇಳಿದಳು. ಇದನ್ನು ದೈನ್ಯವೆನ್ನಲು ನನ್ನ ಮನಸ್ಸು ಒಪ್ಪದು. ತಲೆ ಕೆಟ್ಟವರು ಅರ್ಜಿಯನ್ನೂ ಬರೆಸಿ ಕೋಟೆಯನ್ನೂ ಕಾಯಲಾರರು. ಆಕೆ ಎರಡನ್ನೂ ಮಾಡಿದಳು.

ಅಕ್ಟೋಬರ 23ರಂದು, ಮುಚ್ಚಿದ ಕೋಟೆಯ ಬಾಗಿಲನ್ನು ಥ್ಯಾಕರೆ ತೋಪು ತಂದು ಒಡೆಯಿಸಹೊರಟಾಗ ಕಿತ್ತೂರಿನ ಜನ ಒಳಗಿನಿಂದ ನುಗ್ಗಿದರು. ಥ್ಯಾಕರೆ ಸತ್ತ. ಅವನ ಸಹಾಯಕರಾದ ಎಲಿಯಟ್ ಮತ್ತು ಸ್ಟೀವನ್ಸನ್ ಸೆರೆ ಸಿಕ್ಕರು. ಗೆದ್ದ ಉನ್ಮಾದದಲ್ಲಿ ಸೆರೆಯಾಳುಗಳ ತಲೆ ಹೋಗುವುದು ಚರಿತ್ರೆಯಲ್ಲಿ ಅಪರೂಪವಲ್ಲ. ಇಲ್ಲಿ ಅವರ ಕೂದಲು ಕೊಂಕಲಿಲ್ಲ. ಒಪ್ಪಂದದ ಆಸೆಯಿಂದ ರಾಣಿ ಅವರನ್ನು ಬಿಟ್ಟುಕೊಟ್ಟಳು. ಈ ವಾಲ್ಟರ್ ಎಲಿಯಟ್ಟನಿಗೆ ಆಗ 21 ವರ್ಷ. ಮುಂದೆ ಕನ್ನಡ ನಾಡಿನ 500ಕ್ಕೂ ಹೆಚ್ಚು ಶಿಲಾಶಾಸನಗಳನ್ನು ಪ್ರತಿ ಮಾಡಿಸಿ, ಚಾಲುಕ್ಯರ ಚರಿತ್ರೆಗೆ ತಳಹದಿ ಹಾಕಿದವನು ಇವನೇ. ಶಾಸನಗಳನ್ನು ಪಾಠ ಹೇಳುವ ನನ್ನಂಥವರು ರಾಣಿಯ ಆ ಸಂಯಮಕ್ಕೆ ಋಣಿಗಳು.

ಸೆರೆಯಾಳುಗಳು ಹೊರಬಿದ್ದರೂ ಯುದ್ಧ ತಪ್ಪಲಿಲ್ಲ. ಡಿಸೆಂಬರ ಮೊದಲ ವಾರದಲ್ಲಿ ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದ ಬಂಧನದಲ್ಲಿ 1829ರಲ್ಲಿ ತೀರಿಕೊಂಡಳು.

ಆಕೆಯ ಬಂಟ ಸಂಗೊಳ್ಳಿ ರಾಯಣ್ಣನು ದತ್ತುಪುತ್ರನ ಹೆಸರಿನಲ್ಲಿ ಮತ್ತೆ ದಂಗೆಯೆದ್ದು, ಖಾನಾಪುರ ಸೀಮೆಯ ಕಾಡುಗಳಲ್ಲಿ ಸರಕಾರವನ್ನು ಕಾಡಿದ. ಮೋಸದಿಂದ ಸಿಕ್ಕಿಬಿದ್ದ ಅವನನ್ನು 1831ರ ಜನವರಿ 26ರಂದು ಖಾನಾಪುರ ತಾಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಿದರು. ಅವನ ಸಮಾಧಿಯ ಬಳಿ ದೊಡ್ಡ ಆಲದ ಮರವಿದೆ. ಮಕ್ಕಳಿಲ್ಲದವರು ಹರಕೆ ಹೊತ್ತು ಅಲ್ಲಿ ತೊಟ್ಟಿಲು ಕಟ್ಟುತ್ತಾರೆ.