ಕ್ಯೂಬ್‌ಫ್ಲೋ
ಕುಬರ್ನೆಟಿಸ್ ಕಂಟೇನರ್ ಕ್ಲಸ್ಟರ್‌ಗಳ ಮೇಲೆ ಯಂತ್ರಕಲಿಕೆಯ ಕೆಲಸಗಳನ್ನು ನಡೆಸುವ ಮುಕ್ತ ತಂತ್ರಾಂಶ ವೇದಿಕೆ. ಗೂಗಲ್ ಸಂಸ್ಥೆಯೊಳಗೆ ಟೆನ್ಸರ್‌ಫ್ಲೋ ಬಳಸುತ್ತಿದ್ದ ಕ್ರಮದಿಂದ ರೂಪುಗೊಂಡು 2017ರಲ್ಲಿ ಪ್ರಕಟವಾಯಿತು. 1.0 ಆವೃತ್ತಿ 2020ರಲ್ಲಿ ಬಿಡುಗಡೆಯಾಯಿತು. 2023ರಲ್ಲಿ ಯೋಜನೆ ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್ ಆಶ್ರಯಕ್ಕೆ ಸೇರಿತು.

ನೋಟ್‌ಬುಕ್ಸ್, ಪೈಪ್‌ಲೈನ್ಸ್, ಟ್ರೇನರ್, ಕಟಿಬ್ ಇದರ ಮುಖ್ಯ ಘಟಕಗಳು. ಪೈಪ್‌ಲೈನ್ಸ್‌ನಲ್ಲಿ ದತ್ತಾಂಶ ಸಿದ್ಧತೆ, ತರಬೇತಿ, ಪರೀಕ್ಷೆ ಮೊದಲಾದ ಪ್ರತಿ ಹಂತವೂ ಪ್ರತ್ಯೇಕ ಕಂಟೇನರಿನಲ್ಲಿ ನಡೆಯುತ್ತದೆ. ಒಂದು ಹಂತದ ಫಲಿತಾಂಶವನ್ನು ಮುಂದಿನ ಹಂತ ಬಳಸಿಕೊಳ್ಳುತ್ತದೆ. ಕಟಿಬ್ ಹಲವು ಹೈಪರ್‌ಪ್ಯಾರಾಮೀಟರ್ ಜೋಡಣೆಗಳನ್ನು ಏಕಕಾಲಕ್ಕೆ ಪರೀಕ್ಷಿಸಿ ಉತ್ತಮವಾದುದನ್ನು ಗುರುತಿಸುತ್ತದೆ. ತಂಡಗಳ ಕೆಲಸವನ್ನು ನೇಮ್‌ಸ್ಪೇಸ್‌ಗಳ ಮೂಲಕ ಬೇರ್ಪಡಿಸಿ, ಕ್ಲಸ್ಟರಿನ ಜಿಪಿಯುಗಳನ್ನು ಹಂಚಬಹುದು.

ಸ್ವಂತ ಸರ್ವರ್‌ಗಳಲ್ಲಿ ಸ್ಥಾಪಿಸಿದಾಗ ದತ್ತಾಂಶ ಮತ್ತು ಮಾದರಿಗಳು ಸಂಸ್ಥೆಯ ಹತೋಟಿಯಲ್ಲೇ ಉಳಿಯುತ್ತವೆ. ಶೇಖರಣೆ, ಪ್ರವೇಶ ನಿಯಂತ್ರಣ, ಆವೃತ್ತಿ ನವೀಕರಣಗಳ ಹೊಣೆಯೂ ಸಂಸ್ಥೆಯದೇ ಆಗುತ್ತದೆ.